ಟ್ರೈ ಮಾಡ್ತೆ ಅಂದವರ ಎಲೆ

ಸಾಲಿಗ್ರಾಮದಲ್ಲಿ ಯಾರನ್ನಾದರೂ ಮದುವೆಗೆ ಕರೆದು ನೋಡಿ. ‘ಬರುವುದಿಲ್ಲ’ ಎಂದು ಮುಖಕ್ಕೆ ಹೇಳುವವರು ಒಬ್ಬರೂ ಸಿಗುವುದಿಲ್ಲ. ಹಾಗೆ ಹೇಳಿದರೆ ಕರೆದವರಿಗೂ ಮರ್ಯಾದೆಯಲ್ಲ, ಕರೆಸಿಕೊಂಡವರಿಗೂ ಅಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕೆಲಸಕ್ಕೆ ‘ಕಾಂಬ’ ಎಂಬ ಮಾತಿತ್ತು. ಕಾಂಬ ಅಂದರೆ ನೋಡೋಣ ಎಂದರ್ಥ. ಅಂದವರು ನೋಡುತ್ತಲೂ ಇರಲಿಲ್ಲ. ಈಗ ಕಾಂಬಕ್ಕೆ ವಯಸ್ಸಾಗಿ ಮೂಲೆ ಸೇರಿದೆ. ಅದರ ಜಾಗದಲ್ಲಿ ಇಂಗ್ಲಿಷಿನ ಟ್ರೈ ಬಂದು ಕಾಲು ಚಾಚಿ ಕೂತಿದೆ.

ಮಿಕ್ಸಿ ರಿಪೇರಿಯವನಿಗೆ ಜಾರು ಕೊಟ್ಟು ಶುಕ್ರವಾರ ಸಿಗಬಹುದೇ ಎಂದು ಕೇಳಿದರೆ ಟ್ರೈ ಮಾಡ್ತೆ ಅನ್ನುತ್ತಾನೆ. ನಾವು ಮನೆಗೆ ಬಂದು ಅರೆಯುವ ಕಲ್ಲು ತೊಳೆದಿಡುತ್ತೇವೆ. ದರ್ಜಿ ಟ್ರೈ ಮಾಡ್ತೆ ಅಂದ ದಿನವೇ ಹೆಂಗಸರು ಹಳೆಯ ರವಿಕೆಗೆ ಇಸ್ತ್ರಿ ಹಾಕುತ್ತಾರೆ. ಯಾರಿಗೂ ಬೇಜಾರಿಲ್ಲ. ಹೇಳಿದವನು ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ಕೇಳಿದವನು ಮೋಸ ಹೋದ ಹಾಗೂ ಆಗಲಿಲ್ಲ. ಇಷ್ಟು ಹಗುರವಾಗಿ ಎರಡೂ ಕಡೆಯ ಮಾನ ಕಾಯುವ ಪದ ನಮ್ಮ ಭಾಷೆಯಲ್ಲೇ ಹುಟ್ಟಲಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಈ ಪದದ ಒಳಗುಟ್ಟು ಪೂರ್ತಿ ಗೊತ್ತಿದ್ದವರು ನಮ್ಮಲ್ಲಿ ಒಬ್ಬರೇ, ಅಡುಗೆಯ ದಾಮೋದರ ಉರಾಳರು. ಅವರಿಗೆ ಇಂಗ್ಲಿಷಿನ ಅಕ್ಷರ ಬಸ್ಸಿನ ಬೋರ್ಡಿನ ಮೇಲೆ ಕಂಡರೂ ಗುರುತಾಗದು. ಆದರೆ ಟ್ರೈ ಅಂದವನು ಮದುವೆಗೆ ಬರುತ್ತಾನೋ ಇಲ್ಲವೋ ಎಂಬುದನ್ನು ಅವರಷ್ಟು ಖಚಿತವಾಗಿ ಹೇಳುವವರಿಲ್ಲ. ನಾನು ಪೇಟೆಯಲ್ಲಿ ಬಾಳೆ ಎಲೆಯ ವ್ಯಾಪಾರ ಮಾಡುವವನು. ಉರಾಳರು ಹೇಳಿದಷ್ಟು ಕುಡಿ ಎಲೆ ಕಟ್ಟಿ ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ಅವರು ಹೇಳಿದ ಲೆಕ್ಕ ಹತ್ತು ಎಲೆ ಆಚೀಚೆ ಆದದ್ದನ್ನು ನಾನು ಕಂಡಿಲ್ಲ.

ಅವರ ಪದ್ಧತಿ ಹೀಗೆ. ಮದುವೆ ಮನೆಯವರು ಕರೆಯಲು ಹೋಗುವಾಗ ಒಂದು ಪುಸ್ತಕ ಹಿಡಿದುಕೊಳ್ಳಬೇಕು. ಒಂದು ಬದಿಯಲ್ಲಿ ಹೆಸರು, ಇನ್ನೊಂದು ಬದಿಯಲ್ಲಿ ಅವರು ಆಡಿದ ಮಾತು. ಆಡಿದ್ದನ್ನು ಆಡಿದ ಹಾಗೆಯೇ ಬರೆಯಬೇಕು, ‘ಬರುತ್ತಾರಂತೆ’ ಎಂದು ಸಾರಾಂಶ ಬರೆದರೆ ಉರಾಳರು ಪುಸ್ತಕವನ್ನು ವಾಪಸು ಕಳಿಸುತ್ತಾರೆ. ಆಮೇಲೊಂದು ದಿನ ಅವರ ಜಗಲಿಯಲ್ಲಿ ಓದು. ಉರಾಳರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳುತ್ತಾರೆ. ಒಂದೊಂದು ಮಾತಿಗೂ ಕಣ್ಣು ತೆರೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹೆಸರಿನ ಎದುರು ಒಂದು ಸಂಖ್ಯೆ ಹಾಕಿ, ಪೆನ್ಸಿಲನ್ನು ಮತ್ತೆ ಕಿವಿಗೇರಿಸಿ ಕಣ್ಣು ಮುಚ್ಚುತ್ತಾರೆ.

‘ಬತ್ತೊ’, ಬರುತ್ತೇವೆ, ಎಂದು ಸುಮ್ಮನೆ ಹೇಳಿದರೆ ಮನೆಯಲ್ಲಿದ್ದವರ ಅರ್ಧ. ‘ಊಟ ಎಷ್ಟ್ ಹೊತ್ತಿಗೆ’ ಎಂದು ಕೇಳಿದರೆ ಪೂರ್ತಿ. ‘ನಾವಲ್ದೆ ಇನ್ಯಾರ್ ಬಪ್ಪುದ್’ ಅಂದರೆ ಪೂರ್ತಿ, ಮೇಲೆ ಅವರ ಮನೆಗೆ ಬಂದ ನೆಂಟರು ಇಬ್ಬರು. ‘ಟ್ರೈ ಮಾಡ್ತೆ’ ಅಂದರೆ ಸೊನ್ನೆ. ‘ಖಂಡಿತಾ ಟ್ರೈ ಮಾಡ್ತೆ’ ಅಂದರೆ ಸೊನ್ನೆಗಿಂತಲೂ ಒಂದು ಕಡಿಮೆ. ಅಂಥವನು ಹೊರಟು ನಿಂತ ಪಕ್ಕದ ಮನೆಯವನನ್ನೂ ಮಾತಿಗೆ ಹಿಡಿದು ನಿಲ್ಲಿಸಿಬಿಡುತ್ತಾನಂತೆ.

ಉರಾಳರ ಮಗಳು ದೀಕ್ಷಿತಾ. ತಂದೆಯ ಅಡುಗೆಯ ತಂಡವನ್ನು ಈಗ ನಡೆಸುತ್ತಿರುವುದೇ ಅವಳು. ಒಲೆ, ಪಾತ್ರೆ, ಬಡಿಸುವ ಜನ, ಯಾವ ಹೊತ್ತಿಗೆ ಊಟದ ಯಾವ ಹಂತಿಗೆ, ಅಂದರೆ ಪಂಕ್ತಿಗೆ, ಹುಳಿ ಹೋಗಬೇಕು ಎಂಬುದು, ಎಲ್ಲವೂ ಅವಳ ಕೈಯಲ್ಲಿ. ಕೈಗೆ ಸಿಗದ ಒಂದೇ ಒಂದು ವಸ್ತು ಅಂದರೆ ಆ ಪೆನ್ಸಿಲ್. ಅಡುಗೆಯ ಮನೆಯಲ್ಲಿ ಎಣಿಕೆ ಕೊಟ್ಟವರೇ ಯಜಮಾನರು, ಉಳಿದವರೆಲ್ಲ ಸಟ್ಟುಗ ಹಿಡಿದವರು. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

ಮೊಬೈಲಿನಲ್ಲಿ ಎಲ್ಲರಿಗೂ ಒಂದು ಸಂದೇಶ ಕಳಿಸಿ ಬರುವವರು ಇಲ್ಲಿ ಒತ್ತಿ, ಬಾರದವರು ಅಲ್ಲಿ ಒತ್ತಿ ಎಂದರೆ ಮುಗಿಯಿತು, ಕಂಬಕ್ಕೆ ಒರಗುವ ಕೆಲಸವೇ ಇಲ್ಲ ಎನ್ನುವುದು ಅವಳ ವಾದ.

“ಬಪ್ಪೋರ್ ಎಷ್ಟ್ ಜನ ಅಂದೇಳಿ ಬಪ್ಪೋರನ್ನೇ ಕೇಂಡ್ರೆ ಆಯ್ತಲೆ ಅಪ್ಪಯ್ಯ.”

“ಕೇಂಡ್ರೆ ಎಲ್ರೂ ಬತ್ತೆ ಅಂಬ್ರ್ ಹೆಣೆ. ಬಾಯಿ ಎಂತ ಹೇಳತ್ತ್ ಅಂದೇಳಿ ಅಲ್ಲ, ಕಾಲ್ ಎಂತ ಹೇಳತ್ತ್ ಅಂದೇಳಿ ಕೇಣ್ಕ್.”

ಈ ಜಗಳಕ್ಕೆ ಒಂದು ಗತಿ ಕಂಡದ್ದು ಕೋಟದ ರವಿಶಂಕರ ಹೊಳ್ಳರ ಮಗಳು ಶ್ರಾವ್ಯಳ ಮದುವೆಯಲ್ಲಿ. ಕರೆದದ್ದು ಆರುನೂರು ಜನರನ್ನು. ಹೊಳ್ಳರು ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು, ಬರೆಯುವುದರಲ್ಲಿ ಗಟ್ಟಿ. ಒಬ್ಬೊಬ್ಬರು ಆಡಿದ ಮಾತನ್ನು ನಡುವೆ ಬಂದ ಸೀನಿನ ಸಮೇತ ಬರೆದುಕೊಂಡು ಬಂದಿದ್ದರು. ಉರಾಳರು ಒಂದು ಮಧ್ಯಾಹ್ನವಿಡೀ ಕೇಳಿ ಮುನ್ನೂರ ಎಂಬತ್ತು ಅಂದರು. ದೀಕ್ಷಿತಾಗೆ ನಂಬಿಕೆ ಬರಲಿಲ್ಲ. ಅಲ್ಲೇ ನನ್ನೆದುರೇ ಒಪ್ಪಂದವಾಯಿತು: ಈ ಮದುವೆಯಲ್ಲಿ ಅನ್ನ ಸಾಲದೆ ಹೋದರೆ, ಅಥವಾ ಉಳಿದು ಹೊಂಡಕ್ಕೆ ಸುರಿಯುವ ಹಾಗಾದರೆ, ಆವತ್ತಿನಿಂದ ಪೆನ್ಸಿಲ್ ಅವಳ ಕಿವಿಗೆ. ಎರಡೂ ಆಗದಿದ್ದರೆ ಮೊಬೈಲಿನ ಮಾತು ಅವಳು ಇನ್ನು ಎತ್ತುವ ಹಾಗಿಲ್ಲ. ಸಾಕ್ಷಿ ನಾನು.

ಸಾಕ್ಷಿಯ ಬಾಯಿಗೆ ಬೀಗ ಇರಬೇಕಿತ್ತು. ನನ್ನದಕ್ಕೆ ಇಲ್ಲ.

ಮದುವೆಗೆ ಎಂಟು ದಿನ ಇರುವಾಗ ಬ್ರಹ್ಮಾವರದ ಚಂದ್ರಮತಿ ಟೀಚರು ಪೂಜೆಗೆಂದು ಹತ್ತು ಎಲೆ ಒಯ್ಯಲು ನನ್ನ ಅಂಗಡಿಗೆ ಬಂದರು. ಹೊಳ್ಳರ ದೊಡ್ಡಪ್ಪನ ಮಗಳು ಅವರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು, ಈಗಲೂ ಬಸ್ಸಿನಲ್ಲಿ ಅವರು ಹತ್ತಿದರೆ ಐವತ್ತು ವರ್ಷದ ಗಂಡಸರು ಎದ್ದು ನಿಲ್ಲುತ್ತಾರೆ. ಎಲೆ ಒರೆಸುತ್ತ, ಮದುವೆಗೆ ಹೋಗುತ್ತೀರಲ್ಲ ಎಂದು ಕೇಳಿದೆ. ಮಂಡಿನೋವು, ರವಿಗೆ ಟ್ರೈ ಮಾಡ್ತೆ ಅಂದಿದ್ದೇನೆ ಎಂದರು. ನಾನು ಸುಮ್ಮನಿರಬಹುದಿತ್ತು. ಹಾಗಾದರೆ ನಿಮಗೆ ಎಲೆ ಇಲ್ಲ ಟೀಚರ್ರೆ ಎಂದು ನಕ್ಕೆ. ಯಾಕೆ ಎಂದರು. ಉರಾಳರ ಲೆಕ್ಕವನ್ನು, ಸೊನ್ನೆಯ ಸಮೇತ, ಹೇಳಿಬಿಟ್ಟೆ. ಅವರ ಹೆಸರಿನ ಎದುರು ಏನಿದೆ ಎಂದು ನಾನು ಕಣ್ಣಾರೆ ನೋಡಿರಲಿಲ್ಲ. ನಿಯಮ ಗೊತ್ತಿತ್ತು, ಅಷ್ಟೇ ಸಾಕು ಅಂದುಕೊಂಡಿದ್ದೆ.

ಟೀಚರು ಕನ್ನಡಕ ತೆಗೆದರು. ತರಗತಿಯಲ್ಲಿ ಅವರು ಕನ್ನಡಕ ತೆಗೆದರೆ ಏನಾಗುತ್ತಿತ್ತು ಎಂಬುದು ನಮ್ಮ ತಾಲೂಕಿನಲ್ಲಿ ಎಲ್ಲರಿಗೂ ನೆನಪಿದೆ.

“ನಂಗೆ ಸೊನ್ನೆಯಾ? ಮೂವತ್ತೆರಡ್ ವರ್ಷ ನಾನ್ ಬೇರೆಯೋರಿಗೆ ಸೊನ್ನೆ ಹಾಕಿದ್ದ್, ನಂಗ್ಯಾರೂ ಹಾಕ್ಲಿಲ್ಲೆ.”

ಅದು ಲೆಕ್ಕ ಮಾತ್ರ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

“ಟ್ರೈ ಅಂದ್ರೆ ಪ್ರಯತ್ನಿಸು. ಐದ್ನೇ ಕ್ಲಾಸಿನ ಬೋರ್ಡಿನ ಮೇಲೆ ನಾನೇ ಬರ್ದದ್ದ್. ಈ ಬ್ರಹ್ಮಾವರದಲ್ ಆ ಪದ ಯಾರ್ ಬಾಯಲ್ ಬಂದ್ರೂ ಅದ್ ನಾನ್ ಕಲ್ಸಿದ್ದ್. ಅದಕ್ಕೆ ಬೆಲೆ ಸೊನ್ನೆ ಅಂದೇಳಿ ಅಡ್ಗಿಯೋರ್ ಹೇಳುದಾ?”

ಎಲೆಯ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮಂಡಿನೋವು ಇದ್ದವರ ನಡಿಗೆ ಹಾಗಿರುವುದಿಲ್ಲ.

ನಾಲ್ಕು ದಿನ ಕಳೆದ ಮೇಲೆ ಅವರಿಂದ ನನಗೆ ಫೋನು ಬಂತು. ಹೊಳ್ಳರಿಗೆ ಟ್ರೈ ಮಾಡ್ತೆ ಅಂದವರು ಬ್ರಹ್ಮಾವರದಿಂದ ಸಾಸ್ತಾನದವರೆಗೆ ಎಷ್ಟು ಜನ ಇದ್ದಾರೆಂದು ಅವರು ಹುಡುಕಿ ತೆಗೆದಿದ್ದರು. ತಾವೂ ಸೇರಿ ನಲವತ್ತೊಂದು. ಮುಕ್ಕಾಲು ಪಾಲು ಅವರ ಹಳೆಯ ವಿದ್ಯಾರ್ಥಿಗಳು. ಎಲ್ಲರನ್ನೂ ಸೇರಿಸಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿ ‘ಸೊನ್ನೆ ಬಳಗ’ ಎಂದು ಹೆಸರಿಟ್ಟಿದ್ದರು. ಜಿತೇಂದ್ರನ ಮಿನಿ ಬಸ್ಸು ಗೊತ್ತು ಮಾಡಿದ್ದಾಗಿದೆ, ಮದುವೆಯ ದಿನ ಎಲ್ಲರನ್ನೂ ದಾರಿಯಲ್ಲಿ ಹತ್ತಿಸಿಕೊಂಡು ಮೊದಲನೇ ಹಂತಿಗೇ ಬಂದು ಕೂರುತ್ತೇವೆ, ಉರಾಳರು ಸೊನ್ನೆಯ ಮುಖ ನೋಡಲಿ ಎಂದರು. ಎಲ್ಲರೂ ಒಪ್ಪಿದ್ದಾರಾ ಎಂದು ಕೇಳಿದೆ. ಎಲ್ಲರೂ ಉತ್ತರ ಕೊಟ್ಟಿದ್ದಾರೆ, ನನ್ನ ಮಾತು ಮೀರುವವರು ಅದರಲ್ಲಿ ಯಾರಿದ್ದಾರೆ ಎಂದರು.

ಮುನ್ನೂರ ಎಂಬತ್ತರ ಅಡುಗೆಗೆ ಹೇಳದೆ ಕೇಳದೆ ನಲವತ್ತು ಜನ ಬಂದು ಮೊದಲ ಹಂತಿಯಲ್ಲೇ ಕೂತರೆ ಕೊನೆಯ ಹಂತಿಗೆ ಅನ್ನ ಸಾಲುವುದಿಲ್ಲ. ಕೊನೆಯ ಹಂತಿಯಲ್ಲಿ ಕೂರುವವರು ಹೆಣ್ಣಿನ ಮನೆಯವರೇ. ಇಪ್ಪತ್ತು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ, ಅದೂ ನನ್ನ ನಾಲಿಗೆಯಿಂದ. ಉರಾಳರ ಎದುರು ನಿಂತು ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ದೀಕ್ಷಿತಾಳ ಹತ್ತಿರ ಹೇಳಿದೆ.

ಅವಳು ಕೊಪ್ಪರಿಗೆ ತಿಕ್ಕಿಸುತ್ತ ನಿಂತಿದ್ದಳು. ಪೂರ್ತಿ ಕೇಳಿದಳು. ಅವಳ ಮುಖದಲ್ಲಿ ಒಂದು ನಗು ಹತ್ತಿ ಬರುತ್ತಿರುವುದು ನನಗೆ ಕಾಣಿಸಿತು. ಬರದೇ ಇರುತ್ತದೆಯೇ. ಅವಳು ಏನೂ ಮಾಡಬೇಕಾಗಿರಲಿಲ್ಲ, ನಾಲ್ಕು ದಿನ ಬಾಯಿ ಮುಚ್ಚಿಕೊಂಡರೆ ಪೆನ್ಸಿಲ್ ತಾನಾಗಿ ಬಂದು ಕಿವಿಯ ಮೇಲೆ ಕೂರುತ್ತಿತ್ತು. ನಗು ಅರ್ಧ ದಾರಿಯವರೆಗೆ ಬಂದು ಅಲ್ಲೇ ನಿಂತಿತು. ತಂದೆ ಜಗಲಿಯಲ್ಲಿ ಕೂತು ತೆಂಗಿನಕಾಯಿ ಆರಿಸುತ್ತಿದ್ದರು. ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಿದ್ದರು. ಅವಳು ಒಂದು ಗಳಿಗೆ ಅದನ್ನೇ ನೋಡಿದಳು.

“ಅಪ್ಪಯ್ಯಂಗೆ ಹೇಳ್ಬೇಡಿ ಪ್ರೇಮಣ್ಣ. ಅಡ್ಗಿ ನಾನ್ ಜಾಸ್ತಿ ಮಾಡ್ಸ್ತೆ, ನೀವ್ ಐವತ್ತ್ ಎಲಿ ಜಾಸ್ತಿ ತನ್ನಿ. ಹಿಂದಿನ ಬಾಗ್ಲಿಂದ ಬನ್ನಿ.”

ಹಾಗೆ ಮಾಡಿದರೆ ಅನ್ನ ಸಾಲುತ್ತದೆ, ನೀನು ಸೋಲುತ್ತೀ ಅಲ್ಲವಾ ಎಂದೆ. ಅವಳು ಕೊಪ್ಪರಿಗೆಯ ಕಡೆ ತಿರುಗಿ, ನೀವು ಎಲೆ ತನ್ನಿ ಸಾಕು ಎಂದಳು.

ಮದುವೆಯ ದಿನ ಬೆಳಿಗ್ಗೆ ಛತ್ರದ ಮುಂಬಾಗಿಲಿಗೆ ನಾಲ್ಕು ಕಟ್ಟು ಎಲೆ ಇಳಿಸಿದೆ. ಐದನೆಯ ಅರ್ಧ ಕಟ್ಟನ್ನು ಗೋಣಿಯಲ್ಲಿ ಸುತ್ತಿ ಹಿಂದಿನ ಬಾಗಿಲಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಉರಾಳರು ಗೇರುಬೀಜ ಒಣಗಿಸುವ ನೆಪದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಗೋಣಿಯೊಳಗೆ ಏನಿದೆ ಎಂದು ಕೇಳಲಿಲ್ಲ. ಗೋಣಿಯ ಹೊರಗಿಂದಲೇ ಎರಡು ಸಲ ತಟ್ಟಿ, ಐವತ್ತು ಅಂದರು.

ಆಮೇಲೆ ನಾನು ಮುಚ್ಚಿಡಲಿಲ್ಲ. ನನ್ನ ಅಂಗಡಿ, ಟೀಚರ ಕನ್ನಡಕ, ಸೊನ್ನೆ ಬಳಗ, ಜಿತೇಂದ್ರನ ಬಸ್ಸು, ಎಲ್ಲ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದೆ. ದೀಕ್ಷಿತಾ ಮಾಡಿದ ಜಾಸ್ತಿ ಅಡುಗೆಯ ವಿಷಯ ಒಂದನ್ನು ಮಾತ್ರ ಬಿಟ್ಟೆ. ಬೈಗುಳಕ್ಕೆ ಕಾಯುತ್ತಿದ್ದೆ. ಉರಾಳರು ಬೈಯಲಿಲ್ಲ. ಕಣ್ಣು ಮುಚ್ಚಿದರು.

“ಟೀಚರ್ ಬಸ್ಸಿಗೆ ಬನ್ನಿ ಅಂದಾಗ ಅವ್ರೆಲ್ಲ ಎಂತ ಅಂದ್ರ್?”

ಉತ್ತರ ಕೊಟ್ಟಿದ್ದಾರಂತೆ ಎಂದೆ.

“ಎಂತ ಅಂದೇಳಿ ಉತ್ತರ?”

ಅದು ಗೊತ್ತಿಲ್ಲ ಎಂದೆ.

“ಅದನ್ನೇ ಕೇಣ್ದೆ ಎಲಿ ಹೊತ್ಕಂಡ್ ಬಂದ್ಯಾ ಮಾರಾಯಾ” ಅಂದು ಗೇರುಬೀಜ ಎತ್ತಿಕೊಂಡು ಒಳಗೆ ಹೋದರು. ಅಕ್ಕಿ ಹೆಚ್ಚು ಹಾಕಿ ಎಂದು ಯಾರಿಗೂ ಹೇಳಲಿಲ್ಲ.

ಹನ್ನೆರಡೂವರೆಗೆ ಧಾರೆ ಮುಗಿಯಿತು. ಮೊದಲ ಹಂತಿಗೆ ಎಲೆ ಹಾಕುವಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ಹೆದ್ದಾರಿಯಿಂದ ಒಂದು ಮಿನಿ ಬಸ್ಸು ತಿರುಗಿ ಒಳಗೆ ಬಂತು. ಮುಂದಿನ ಗಾಜಿಗೆ ಚೆಂಡು ಹೂವಿನ ಮಾಲೆ. ಅಡುಗೆ ಮನೆಯ ಕಿಟಕಿಯಲ್ಲಿ ದೀಕ್ಷಿತಾಳ ಮುಖ ಕಾಣಿಸಿತು. ಬಸ್ಸು ನಿಂತಿತು. ಬಾಗಿಲು ತೆರೆಯಿತು. ಚಂದ್ರಮತಿ ಟೀಚರು ಜರಿ ಸೀರೆ ಎತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಅವರ ಹಿಂದೆ ಇಳಿದವನು ಡ್ರೈವರ್ ಜಿತೇಂದ್ರ. ಜಿತೇಂದ್ರನ ಹಿಂದೆ ಯಾರೂ ಇಳಿಯಲಿಲ್ಲ.

ನಾನು ಬಗ್ಗಿ ಬಸ್ಸಿನೊಳಗೆ ನೋಡಿದೆ. ಸೀಟುಗಳಿಗೆ ಬಿಳಿ ಬಟ್ಟೆ ಹಾಕಿ ಅಂದ ಮಾಡಿದ್ದರು. ಅದರ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಜಿತೇಂದ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಬ್ರಹ್ಮಾವರದಲ್ಲಿ ಕಾಲು ಗಂಟೆ, ಮಾಬುಕಳದಲ್ಲಿ ಕಾಲು ಗಂಟೆ, ಸಾಸ್ತಾನದ ಟೋಲಿನ ಹತ್ತಿರ ಇಪ್ಪತ್ತು ನಿಮಿಷ ನಿಂತಿದ್ದರಂತೆ. ಟೋಲಿನಲ್ಲಿ ಟೀಚರು ಒಬ್ಬೊಬ್ಬರಿಗೆ ಫೋನು ಮಾಡಿದರಂತೆ. ಕೆಲವರು ಎತ್ತಲಿಲ್ಲ, ಎತ್ತಿದವರ ಮನೆಗೆ ಅದೇ ಗಳಿಗೆಯಲ್ಲಿ ಯಾರೋ ಬಂದುಬಿಟ್ಟಿದ್ದರು.

ಟೀಚರು ನೇರ ನನ್ನ ಹತ್ತಿರ ಬಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಸೊನ್ನೆ ಬಳಗ. ಮದುವೆಯ ದಿನ ಹನ್ನೊಂದು ಗಂಟೆಗೆ ಬಸ್ಸು ಹತ್ತಬೇಕು ಎಂಬ ಅವರ ಸಂದೇಶ. ಅದರ ಕೆಳಗೆ ಉತ್ತರಗಳ ಸಾಲು. ‘ಟ್ರೈ ಮಾಡ್ತೆ ಟೀಚರ್.’ ‘ಸೂಪರ್ ಐಡಿಯಾ, ಟ್ರೈ ಮಾಡ್ತೆ.’ ‘ಖಂಡಿತಾ ಟ್ರೈ ಮಾಡ್ತೆ.’ ನಾನು ಬೆರಳಿನಿಂದ ತಳ್ಳುತ್ತ ಹೋದೆ, ಅದು ಮುಗಿಯಲಿಲ್ಲ. ನಡುವೆ ಅನೀಶ ಎಂಬವನು ಕೈ ಮುಗಿಯುವ ಚಿತ್ರ ಐದು ಹಾಕಿ, ಮ್ಯಾಕ್ಸಿಮಮ್ ಟ್ರೈ ಮಾಡ್ತೆ ಎಂದು ಬರೆದಿದ್ದ.

ನಗು ತಡೆದುಕೊಳ್ಳಲು ನಾನು ಚೆಂಡು ಹೂವಿನ ಮಾಲೆಯನ್ನೇ ನೋಡುತ್ತ ನಿಂತೆ. ಆದರೆ ಟೀಚರ ಮುಖ ನೋಡಿದ ಮೇಲೆ ನಗು ತಾನೇ ಹೋಯಿತು. ಕಲಿಸಿದ ಮಕ್ಕಳೆಲ್ಲ ಕೂಡಿ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಬರೆದ ಹಾಗೆ ಅವರು ನಿಂತಿದ್ದರು. ಒಳಗೆ ಬನ್ನಿ ಎಂದೆ. ಎಲೆಯೇ ಇಲ್ಲದವಳು ಒಳಗೆ ಬಂದು ಎಂತ ಮಾಡುವುದು, ಬಸ್ಸು ತಿರುಗಿಸು ಜಿತೇಂದ್ರ ಎಂದರು.

ಅಷ್ಟು ಹೊತ್ತಿಗೆ ಉರಾಳರು ಪಂಚೆಗೆ ಕೈ ಒರೆಸುತ್ತ ಹೊರಗೆ ಬಂದರು. ಕಂಕುಳಲ್ಲಿ ಹೊಳ್ಳರ ಪುಸ್ತಕ. ಪುಟ ಮಗುಚಿ ಟೀಚರ ಎದುರು ಹಿಡಿದರು. ಚಂದ್ರಮತಿ, ಬ್ರಹ್ಮಾವರ ಎಂಬುದರ ಎದುರು ಹೊಳ್ಳರ ದುಂಡು ಅಕ್ಷರ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಒಂದು’ ಎಂದು ಬರೆದಿತ್ತು.

ಟೀಚರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

“ನಾನ್ ಟ್ರೈ ಮಾಡ್ತೆ ಅಂದಿದ್ದೆ ಅಲ್ದಾ?”

“ಅಂದಿರಿ. ಅದಾದ್ಮೇಲೆ ಪಾಯಸ ಎಂತದ್ ಮಾಡ್ತ್ರ್ ಅಂದೇಳಿ ರವಿಶಂಕರನ ಹತ್ರ ಕೇಂಡಿರಿ. ಇಲ್ಲಿತ್ ಕಾಣಿ. ಬಾರದೋರಿಗೆ ಪಾಯಸದ ಸುದ್ದಿ ಎಂತಕೆ ಟೀಚರ್ರೆ?”

ಟೀಚರು ಪುಸ್ತಕವನ್ನೂ ನೋಡಿದರು, ನನ್ನನ್ನೂ ನೋಡಿದರು. ನನ್ನನ್ನು ನೋಡಿದ ರೀತಿಯಲ್ಲಿ ನಾನು ಐದನೇ ಕ್ಲಾಸಿಗೆ ಹೋಗಿ ಬೆಂಚಿನ ಮೇಲೆ ನಿಂತು ಬಂದೆ. ಪಾಯಸ ಯಾವುದು ಎಂದು ಹೊಳ್ಳರು ಆವತ್ತು ಹೇಳಲೇ ಇಲ್ಲ ಎಂದರು ಕೊನೆಗೆ. ಗೋಧಿ ಕಡಿಯದು ಎಂದರು ಉರಾಳರು. ಟೀಚರು ಮೊದಲ ಹಂತಿಯಲ್ಲಿ ಕೂತರು. ಎರಡು ಸಲ ಹಾಕಿಸಿಕೊಂಡರು.

ಮೂರೂವರೆಗೆ ಕೊನೆಯ ಹಂತಿ ಎದ್ದಿತು. ಎಂಜಲೆಲೆ ಎಣಿಸಿದೆವು, ಮುನ್ನೂರ ಎಂಬತ್ತಮೂರು. ಉರಾಳರ ಕೊಪ್ಪರಿಗೆಯ ತಳ ಕಾಣುತ್ತಿತ್ತು. ಅವರು ಪೆನ್ಸಿಲ್ ಕಿವಿಗೇರಿಸಿ ಕೈ ತೊಳೆಯಲು ಹಿಂದೆ ಹೋದರು. ಹೋದವರು ಅಲ್ಲೇ ನಿಂತರು. ಮೂಲೆಯಲ್ಲಿ ಬಾಳೆ ಎಲೆ ಮುಚ್ಚಿದ ಎರಡು ಪಾತ್ರೆ ಇದ್ದವು. ಒಂದರಲ್ಲಿ ಐವತ್ತು ಜನರ ಅನ್ನ, ಒಂದರಲ್ಲಿ ಹುಳಿ. ಪಕ್ಕದಲ್ಲಿ ತುಂಬಿದ ಪಾಯಸದ ಕ್ಯಾನು.

ದೀಕ್ಷಿತಾ ಓಡಿ ಬಂದು ಅಡ್ಡ ನಿಂತಳು. ಇದು ನಿಮ್ಮ ಲೆಕ್ಕದ್ದಲ್ಲ, ನನ್ನದು, ನಾನೇ ಬೇರೆ ಒಲೆಯಲ್ಲಿ ಮಾಡಿಸಿದ್ದು ಎಂದಳು. ಉರಾಳರು ಎಲೆ ಸರಿಸಿ ಅನ್ನವನ್ನು ಮುಟ್ಟಿ ನೋಡಿದರು.

“ನನ್ ಕಿವಿ ಮೇಲೆ ನಿಂಗೆ ನಂಬಿಕಿ ಇಲ್ಲೆ ಅಲ್ದಾ?”

“ಕಿವಿ ಮೇಲೆ ಇತ್ತ್. ಪ್ರೇಮಣ್ಣನ ಬಾಯಿ ಮೇಲೆ ಇರ್ಲಿಲ್ಲೆ.” ಅವಳು ಅನ್ನದ ಮೇಲೆ ಮತ್ತೆ ಎಲೆ ಎಳೆದು ಮುಚ್ಚಿದಳು. “ಆ ನಲ್ವತ್ತ್ ಜನ ಬಂದಿದ್ರೆ, ಉರಾಳ್ರ ಅಡ್ಗಿ ಸಾಲ್ಲಿಲ್ಲೆ ಅಂಬುದನ್ನ ನಂಗ್ ಕೇಂಬುಕಾತಿರ್ಲಿಲ್ಲೆ ಅಪ್ಪಯ್ಯ.”

ಉರಾಳರು ಬೆರಳಿಗೆ ಅಂಟಿದ ಅನ್ನವನ್ನು ಹಿಸುಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ಇದು ಹೊಂಡಕ್ಕೆ ಹೋದರೆ ಒಪ್ಪಂದದ ಪ್ರಕಾರ ಪೆನ್ಸಿಲ್ ಯಾರಿಗೆ? ಸಾಕ್ಷಿ ಹೇಳಬೇಕಲ್ಲ. ದೀಕ್ಷಿತಾಗೆ ಎಂದೆ. ದೀಕ್ಷಿತಾ, ಹೀಗೆ ಗೆದ್ದ ಪೆನ್ಸಿಲ್ ನನಗೆ ಬೇಡ ಎಂದಳು. ಮಾತು ಮಾತೇ ಎಂದರು ಅವರು. ಬೇಡ ಎಂದಳು ಅವಳು. ಇಬ್ಬರದೂ ಒಂದೇ ಗಂಟಲು. ಬಡಿಸುವವರೆಲ್ಲ ಬಂದು ಸುತ್ತ ನಿಂತರು.

ಆಗ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಚಂದ್ರಮತಿ ಟೀಚರು ಎದ್ದು ಬಂದರು. ಅನ್ನ ನೋಡಿದರು, ಹುಳಿ ನೋಡಿದರು, ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಹೊರಗೆ ಖಾಲಿ ಬಸ್ಸು ನಿಂತಿತ್ತು.

“ಜಿತೇಂದ್ರ, ಬಸ್ಸಿಗೆ ಹತ್ಸ್. ನಲ್ವತ್ತ್ ಸೊನ್ನೆಗೂ ಊಟ ಹಾಕ್ದೆ ನಾನ್ ಮನಿಗೆ ಹೋಪುದಿಲ್ಲೆ.”

ನನ್ನ ಐವತ್ತು ಎಲೆಯ ಜೊತೆ ನನ್ನನ್ನೂ ಹತ್ತಿಸಿದರು. ತಪ್ಪು ಮಾಡಿದವನು ಎಲೆ ಹಾಸಬೇಕು ಎಂದು ಅವರ ತೀರ್ಪು. ರಾತ್ರಿ ಎಂಟರವರೆಗೆ ಆ ನಲವತ್ತು ಜನರ ಹದಿನೇಳು ಮನೆ ಸುತ್ತಿದೆವು. ಸಾಸ್ತಾನದಲ್ಲಿ ಮ್ಯಾಕ್ಸಿಮಮ್ ಟ್ರೈ ಮಾಡಿದ ಅನೀಶ ಬನಿಯನ್ ಹಾಕಿಕೊಂಡು ಬೈಕು ತೊಳೆಯುತ್ತಿದ್ದ. ಟೀಚರನ್ನು ಕಂಡು ಪೈಪು ಹಿಡಿದೇ ಎದ್ದು ನಿಂತ, ನೀರು ಅವನ ಕಾಲ ಮೇಲೆಯೇ ಬೀಳುತ್ತಿತ್ತು. ಬಪ್ಪುಕೆ ಹೊರಟೇ ಇದ್ದೆ ಅಂದ. ಟೀಚರು ಏನೂ ಬೈಯಲಿಲ್ಲ. ಜಗಲಿಯಲ್ಲಿ ಎಲೆ ಹಾಸಿಸಿ, ಅವನನ್ನು, ಹೆಂಡತಿಯನ್ನು, ಅತ್ತೆಯನ್ನು ಕೂರಿಸಿ, ತಾವೇ ಬಡಿಸಿ, ಎಲೆ ಖಾಲಿಯಾಗುವ ತನಕ ಎದುರು ನಿಂತರು. ಮನೆಯವರ ಮಧ್ಯಾಹ್ನದ ಊಟ ಆಗಿಯೇ ಹೋಗಿತ್ತು. ಆದರೂ ಉಂಡರು. ಹದಿನೇಳೂ ಮನೆಯವರು ಉಂಡರು. ಮಾಬುಕಳದ ಒಬ್ಬರಿಗೆ ಸಕ್ಕರೆ ಕಾಯಿಲೆ, ಪಾಯಸ ಬೇಡ ಎಂದರು; ಅವರಿಗೆ ಹುಳಿ ಎರಡು ಸಲ ಬಿತ್ತು. ಬ್ರಹ್ಮಾವರ ತಲುಪುವಾಗ ಕ್ಯಾನಿನಲ್ಲಿ ಒಂದು ಗೇರುಬೀಜವೂ ಇರಲಿಲ್ಲ. ಸೊನ್ನೆ ಬಳಗದಿಂದ ಆ ದಿನವೇ ಹನ್ನೆರಡು ಜನ ಹೊರಗೆ ಹೋದರೆಂದು ಕೇಳಿದೆ.

ಹೀಗಾಗಿ ಅನ್ನ ಸಾಲದೆಯೂ ಹೋಗಲಿಲ್ಲ, ಹೊಂಡಕ್ಕೂ ಹೋಗಲಿಲ್ಲ. ಒಪ್ಪಂದದ ಪ್ರಕಾರ ಉರಾಳರೇ ಗೆದ್ದರು. ದೀಕ್ಷಿತಾ ಮೊಬೈಲಿನ ಮಾತು ಎತ್ತಲಿಲ್ಲ.

ತಿಂಗಳು ಕಳೆದ ಮೇಲೆ ಪಾಂಡೇಶ್ವರದ ಒಂದು ಉಪನಯನದ ಪುಸ್ತಕ ಬಂತು. ನಾನು ಎಲೆಯ ಲೆಕ್ಕ ತಿಳಿಯಲು ಹೋಗಿದ್ದೆ. ಮನೆಯ ಯಜಮಾನರು ಓದುತ್ತಿದ್ದರು, ಉರಾಳರು ಕಂಬಕ್ಕೆ ಒರಗಿದ್ದರು, ದೀಕ್ಷಿತಾ ಬಾಗಿಲ ಹತ್ತಿರ ಅವರೆಕಾಳು ಸುಲಿಯುತ್ತಿದ್ದಳು. ಒಂದು ಹೆಸರು ಬಂತು, ಟ್ರೈ ಮಾಡ್ತೆ ಎಂದು ಬಂತು. ಉರಾಳರು ಕಣ್ಣು ತೆರೆದು ಪೆನ್ಸಿಲಿಗೆ ಕೈ ಹಾಕಿದರು.

“ಸ್ವಲ್ಪ ತಡೀನಿ ಅಪ್ಪಯ್ಯ” ಎಂದಳು ದೀಕ್ಷಿತಾ. ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಯಜಮಾನರ ಕಡೆ ತಿರುಗಿ ಕೇಳಿದಳು, “ಟ್ರೈ ಮಾಡ್ತೆ ಅಂಬುಕ್ ಮುಂಚೆ ಅವ್ರ್ ಕೆಮ್ಮಿದ್ರಾ?”

ಯಜಮಾನರು ನೆನಪು ಮಾಡಿಕೊಂಡರು. ಹೌದು, ಕೆಮ್ಮಿದರು, ಒಂದಲ್ಲ ಎರಡು ಸಲ, ಅದನ್ನು ಬರೆಯಲು ಮರೆತೆ ಎಂದರು.

“ಬಾರದೋರಿಗೆ ಟ್ರೈ ಸಲೀಸಾಗಿ ಬತ್ತ್, ನಾಲ್ಗಿ ಮೇಲೇ ಇರತ್ತ್. ಕೆಮ್ಮಿದ್ರ್ ಅಂದ್ರೆ ಯೋಚ್ನೆ ಮಾಡಿದ್ರ್. ಎರಡ್ ಎಲಿ ಹಾಕಿ.”

ಉರಾಳರು ಬರೆಯಲಿಲ್ಲ. ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು, ನಾನು ಬೇರೆಲ್ಲೋ ನೋಡಿದೆ. ಆಮೇಲೆ ಕೂತಲ್ಲಿಂದಲೇ ಕೈ ಚಾಚಿ ಪೆನ್ಸಿಲನ್ನು ಮಗಳ ಕಡೆ ಹಿಡಿದರು. ಅವಳು ಕೈಯನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು. ಉರಾಳರು ಇನ್ನಷ್ಟು ಆರಾಮವಾಗಿ ಒರಗಿ ಎರಡೂ ಕಣ್ಣು ಮುಚ್ಚಿ, ಮುಂದೆ ಓದಿ ಎಂದರು.

ಉಪನಯನದ ದಿನ ಕೆಮ್ಮಿದವರು ಮೊದಲ ಹಂತಿಯಲ್ಲೇ ಕೂತಿದ್ದರು. ಪಕ್ಕದ ಎಲೆಯಲ್ಲಿ ಅವರ ಹೆಂಡತಿ.